ಪೇಟೆಯ ಕರಗ, ಬಡಾವಣೆಯ ಪರಿಷೆ: ಬೆಂಗಳೂರಿನ ನೆರೆಹೊರೆಯ ಆಚರಣೆಗಳು

ಕನ್ನಡ ಜಾನಪದ ಅಧ್ಯಯನವು ಬಹುಕಾಲ ಹಳ್ಳಿಯನ್ನೇ ತನ್ನ ಕ್ಷೇತ್ರವೆಂದು ಭಾವಿಸಿಕೊಂಡು ಬಂದಿತು. ಲಾವಣಿಕಾರರನ್ನು, ಸೋಬಾನೆ ಹಾಡುವ ಹೆಣ್ಣುಮಕ್ಕಳನ್ನು, ವೀರಗಾಸೆ, ಪೂಜಾಕುಣಿತಗಳ ಮೇಳಗಳನ್ನು ಹುಡುಕಿಕೊಂಡು ಸಂಗ್ರಾಹಕರು ಊರೂರು ಅಲೆದರು. ನಗರಕ್ಕೆ ಹಿಂದಿರುಗಿ ಪುಸ್ತಕ ಬರೆದರು. ನಗರವೆಂಬುದು ಬರೆಯುವ ಸ್ಥಳವಾಯಿತೇ ಹೊರತು ಸಂಗ್ರಹಿಸುವ ಸ್ಥಳವಾಗಲಿಲ್ಲ. ನಗರ ಬೆಳೆದಷ್ಟೂ ಜನಪದ ಅಳಿಯುತ್ತದೆ ಎಂಬ ನಂಬಿಕೆ ಇದರ ಹಿಂದೆ ಕೆಲಸ ಮಾಡಿದೆ. ಬೆಂಗಳೂರಿನ ಪೇಟೆಗಳಲ್ಲಿಯೂ ಹಳೆಯ ಬಡಾವಣೆಗಳಲ್ಲಿಯೂ ವರ್ಷವರ್ಷ ನಡೆಯುವ ಆಚರಣೆಗಳನ್ನು ಗಮನಿಸಿದರೆ ಈ ನಂಬಿಕೆಯನ್ನು ಮತ್ತೆ ಪರೀಕ್ಷಿಸಬೇಕಾಗುತ್ತದೆ.

ಕೆಂಪೇಗೌಡನು 1537ರಲ್ಲಿ ಕಟ್ಟಿಸಿದನೆಂದು ಹೇಳಲಾಗುವ ಕೋಟೆಯ ಊರು ವೃತ್ತಿಗಳ ಆಧಾರದ ಮೇಲೆ ಹರಡಿಕೊಂಡ ಊರು. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತರಗುಪೇಟೆ, ತಿಗಳರಪೇಟೆ ಎಂಬ ಹೆಸರುಗಳೇ ಅಲ್ಲಿ ಯಾರಿದ್ದರು, ಏನು ಮಾರುತ್ತಿದ್ದರು ಎಂಬುದನ್ನು ತಿಳಿಸುತ್ತವೆ. ಇಂದು ಬಳೇಪೇಟೆಯಲ್ಲಿ ಬಳೆಯಷ್ಟೇ ಅಲ್ಲ, ವಾದ್ಯಗಳೂ ಸಿಗುತ್ತವೆ, ಅರಳೇಪೇಟೆ ಕಾಟನ್‌ಪೇಟೆಯಾಗಿದೆ. ಹೆಸರುಗಳು ಸವೆದಿವೆ, ವೃತ್ತಿಗಳು ಬೆರೆತಿವೆ. ಆದರೂ ಚೈತ್ರ ಮಾಸದ ಹುಣ್ಣಿಮೆಯ ಒಂದು ರಾತ್ರಿ ಈ ಪೇಟೆಗಳೆಲ್ಲ ಒಂದೇ ದಾರಿಯಲ್ಲಿ ಪೋಣಿಸಿಕೊಳ್ಳುತ್ತವೆ. ಅದು ಕರಗದ ರಾತ್ರಿ.

ಕರಗವು ವಹ್ನಿಕುಲ ಕ್ಷತ್ರಿಯರೆಂದು ತಮ್ಮನ್ನು ಕರೆದುಕೊಳ್ಳುವ ತಿಗಳ ಸಮುದಾಯದ ಆಚರಣೆ. ತೋಟಗಾರಿಕೆ ಇವರ ಪರಂಪರೆಯ ವೃತ್ತಿ. ಹೂವು, ಹಣ್ಣು, ಸೊಪ್ಪು ಬೆಳೆದು ಪೇಟೆಗೆ ಒದಗಿಸುತ್ತಿದ್ದ ಈ ಜನರ ಆರಾಧ್ಯದೈವ ದ್ರೌಪದಿ. ಆಕೆ ಇವರಿಗೆ ಆದಿಶಕ್ತಿಯ ರೂಪ. ತಿಮಿರಾಸುರನೆಂಬ ರಾಕ್ಷಸನನ್ನು ಸಂಹರಿಸಲು ದ್ರೌಪದಿಯು ವೀರಕುಮಾರರನ್ನು ಸೃಷ್ಟಿಸಿದಳು, ಮರಳಿ ಹೊರಡುವಾಗ ಅವರ ಮೊರೆಗೆ ಓಗೊಟ್ಟು ವರ್ಷಕ್ಕೊಮ್ಮೆ ಬರುವುದಾಗಿ ಮಾತು ಕೊಟ್ಟಳು ಎಂಬುದು ಕತೆ. ಶಿಷ್ಟ ಮಹಾಭಾರತದಲ್ಲಿಲ್ಲದ ಈ ಭಾಗವನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕುವುದು ಸರಿಯಲ್ಲ. ಹಿಮಾಲಯದ ದಾರಿಯಲ್ಲಿ ಬಿದ್ದು ಮುಗಿದುಹೋದ ದ್ರೌಪದಿಯನ್ನು ಸಮುದಾಯವೊಂದು ಮುಗಿಯಲು ಬಿಡದೆ ತನ್ನ ಬೀದಿಗೆ ಕರೆದುಕೊಂಡಿದೆ.

ಧರ್ಮರಾಯಸ್ವಾಮಿ ದೇವಾಲಯದಲ್ಲಿ ಧ್ವಜಾರೋಹಣದೊಡನೆ ಆರಂಭವಾಗುವ ವಿಧಿಗಳು ಹಲವು ದಿನಗಳ ಕಾಲ ಸಾಗುತ್ತವೆ. ಕರಗ ಹೊರುವ ಪೂಜಾರಿಯು ಸೀರೆ, ಬಳೆ, ತಾಳಿಗಳನ್ನು ಧರಿಸಿ ದೇವಿಯಾಗುತ್ತಾನೆ. ಆತನ ಹೆಂಡತಿ ಆ ದಿನಗಳಲ್ಲಿ ತನ್ನ ತಾಳಿ, ಬಳೆಗಳನ್ನು ಬಿಟ್ಟುಕೊಟ್ಟು ಆತನ ಕಣ್ಣಿಗೆ ಬೀಳದಂತೆ ದೂರವಿರುತ್ತಾಳೆ. ಕರಗವನ್ನು ಕುರಿತ ಬರಹಗಳಲ್ಲಿ ಈಕೆಯ ಪಾಲು ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುವುದು ಒಂದು ಕೊರತೆ. ಮಲ್ಲಿಗೆಯಿಂದ ಮುಚ್ಚಿದ ಹೂವಿನ ಕರಗವನ್ನು ಕೈಯಿಂದ ಹಿಡಿಯದೆ ತಲೆಯ ಮೇಲೆ ನಿಲ್ಲಿಸಿಕೊಂಡು ಪೂಜಾರಿಯು ಮಧ್ಯರಾತ್ರಿಯ ಬಳಿಕ ಗುಡಿಯಿಂದ ಹೊರಡುತ್ತಾನೆ. ಅಲಗು ಹಿಡಿದ ವೀರಕುಮಾರರು ಸುತ್ತುವರಿದು ನಡೆಯುತ್ತಾರೆ. ಕರಗ ಜಾರಿದರೆ ಇದೇ ಅಲಗುಗಳು ಪೂಜಾರಿಯ ಮೇಲೆ ತಿರುಗುತ್ತವೆ ಎಂಬ ಮಾತು ಜನಜನಿತವಾಗಿದೆ. ವೀರಕುಮಾರರ ತಯಾರಿಗೆ ಪೇಟೆಯ ಗರಡಿಮನೆಗಳ ನಂಟಿದೆ. ಹೀಗಾಗಿ ಕುಸ್ತಿಯ ಕಲೆ ಒಂದಿಷ್ಟಾದರೂ ಉಳಿದುಬರಲು ಕರಗವೂ ಒಂದು ಕಾರಣ.

ಈ ಆಚರಣೆಯ ನಿಜವಾದ ಆಧಾರ ನೀರು. ಹಸಿಕರಗವನ್ನು ತರುವುದು ಸಂಪಂಗಿ ಕೆರೆಯ ಬಳಿಯಿಂದ. ಒಂದು ಕಾಲಕ್ಕೆ ಪೇಟೆಯ ಜನರಿಗೂ ತೋಟಗಳಿಗೂ ನೀರುಣಿಸುತ್ತಿದ್ದ ಈ ಕೆರೆ ಕ್ರಮೇಣ ಬತ್ತಿ, ಅದರ ಅಂಗಳದ ಮೇಲೆ ಕಂಠೀರವ ಕ್ರೀಡಾಂಗಣ ಎದ್ದಿತು. ಉಳಿದಿರುವುದು ಒಂದು ಸಣ್ಣ ಕಲ್ಯಾಣಿಯಷ್ಟು ಜಾಗ. ಅದೂ ಉಳಿದದ್ದು ಕರಗಕ್ಕಾಗಿ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಿದ್ಧಿಕಟ್ಟೆಯಿದ್ದಲ್ಲಿ ಮಾರುಕಟ್ಟೆ ಬಂದಿತು. ಇವುಗಳ ಸ್ಮರಣೆಗಾಗಿ ಯಾವ ಆಚರಣೆಯೂ ಇರಲಿಲ್ಲವಾದ್ದರಿಂದ ಒಂದು ಹೊಂಡದಷ್ಟು ನೀರೂ ಉಳಿಯಲಿಲ್ಲ. ಸ್ಮೃತಿ ಶ್ರೀನಿವಾಸ್ ಅವರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕರಗವನ್ನು ನಗರದ ನೆನಪಿನ ಭೂಪಟವೆಂಬಂತೆ ನೋಡಿದ್ದಾರೆ. ಆ ನೋಟ ಸರಿಯಾದುದೇ. ಆದರೆ ನೆನಪು ಉಳಿದ ಮಾತ್ರಕ್ಕೆ ನೆಲ ಉಳಿಯಲಿಲ್ಲ ಎಂಬುದನ್ನು ಅದರ ಜೊತೆಯಲ್ಲಿಯೇ ಹೇಳಬೇಕು. ತೋಟ ಮಾಡುತ್ತಿದ್ದವರ ತೋಟಗಳು ಬಡಾವಣೆಗಳಾದವು; ತೋಟವಿಲ್ಲದ ತೋಟಗಾರರು ಕೆರೆಯಿಲ್ಲದ ಕೆರೆಯಿಂದ ಕರಗ ತರುತ್ತಿದ್ದಾರೆ. ಆಚರಣೆಯ ಉಳಿವನ್ನು ಕೊಂಡಾಡುವವರು ಈ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪ.

ಕರಗದ ದಾರಿಯಲ್ಲಿ ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನರ ದರ್ಗಾ ಒಂದು ನಿಲುಗಡೆ. ಕರಗ ಅಲ್ಲಿಗೆ ಹೋಗದೆ ಮುಂದಕ್ಕೆ ಸಾಗುವುದಿಲ್ಲ. ಇದನ್ನು ಕೇವಲ ಸೌಹಾರ್ದದ ಸಂಕೇತವೆಂದು ಬಣ್ಣಿಸುವುದು ವಾಡಿಕೆ. ಪೇಟೆಯ ದೃಷ್ಟಿಯಿಂದ ಇದು ಅದಕ್ಕಿಂತ ಸರಳವಾದ ಸಂಗತಿ: ತನ್ನ ಕೇರಿಯಲ್ಲಿರುವವರ ಮನೆಗೆ ದೇವರು ಹೋಗಲೇಬೇಕು ಎಂಬ ನೆರೆಹೊರೆಯ ಮರ್ಯಾದೆ. 2022ರಲ್ಲಿ ಕರಗ ದರ್ಗಾಕ್ಕೆ ಹೋಗಬಾರದೆಂದು ಕೆಲವು ಸಂಘಟನೆಗಳು ಒತ್ತಾಯಿಸಿದಾಗ, ದೇವಾಲಯದವರು ಪರಂಪರೆಯಲ್ಲಿ ಬದಲಾವಣೆಯಿಲ್ಲವೆಂದು ತಿಳಿಸಿದರು. ದರ್ಗಾದವರು ಗುಡಿಗೆ ಬಂದು ಆಹ್ವಾನವಿತ್ತರು. ಕರಗ ಎಂದಿನಂತೆ ಹೋಗಿಬಂದಿತು. ಹೊರಗಿನವರಿಗೆ ಅದು ವಿವಾದ, ಪೇಟೆಯವರಿಗೆ ಅದು ದಾರಿ.

ಬಸವನಗುಡಿಯ ಕಡಲೆಕಾಯಿ ಪರಿಷೆಯ ಸ್ವರೂಪ ಬೇರೆ. ಇಲ್ಲಿ ಒಂದು ಸಮುದಾಯದ ಹಕ್ಕಿನ ವಿಧಿಗಳಿಗಿಂತ ವ್ಯಾಪಾರವೇ ಮುಂದಾಗಿದೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳ ರೈತರು ಬೆಳೆದ ಕಡಲೆಕಾಯಿಯನ್ನು ಬಸವನೊಂದು ರಾತ್ರಿಯ ಹೊತ್ತು ಮೇಯುತ್ತಿತ್ತು, ರೈತರು ದೊಣ್ಣೆಯಿಂದ ಹೊಡೆದಾಗ ಅದು ಕಲ್ಲಾಯಿತು, ತಪ್ಪೊಪ್ಪಿಕೊಂಡ ರೈತರು ಮೊದಲ ಫಸಲನ್ನು ಬಸವನಿಗೆ ಅರ್ಪಿಸತೊಡಗಿದರು ಎಂಬುದು ಐತಿಹ್ಯ. ಬಸವನ ಪಾದದಲ್ಲಿಯೇ ವೃಷಭಾವತಿ ನದಿ ಹುಟ್ಟುತ್ತದೆಂದೂ ನಂಬಲಾಗಿದೆ. ಇಲ್ಲೊಂದು ಸ್ವಾರಸ್ಯವಿದೆ. ಕಡಲೆಕಾಯಿ ದಕ್ಷಿಣ ಅಮೆರಿಕ ಮೂಲದ ಬೆಳೆ. ಐರೋಪ್ಯರ ಹಡಗುಗಳ ಮೂಲಕ ಲೋಕ ಸುತ್ತಿದ ಇದು ದಕ್ಷಿಣ ಭಾರತದಲ್ಲಿ ದೊಡ್ಡ ಪ್ರಮಾಣದ ಬೆಳೆಯಾದದ್ದು 19ನೆಯ ಶತಮಾನದಲ್ಲಿ. ಗುಡಿಯನ್ನು ಕೆಂಪೇಗೌಡನ ಕಾಲದ್ದೆನ್ನುವುದಾದರೆ, ಕತೆಯೊಳಗಿನ ಬೆಳೆ ಗುಡಿಗಿಂತ ಕಿರಿಯದಿರುವ ಸಾಧ್ಯತೆಯೇ ಹೆಚ್ಚು. ಬೆಳೆಯನ್ನು ಮೇಯುವ, ಹೊಡೆತ ತಿಂದು ಕಲ್ಲಾಗುವ ದೈವದ ಆಶಯ ಹಳೆಯದು. ರಾಗಿ, ಅವರೆಗಳ ಜಾಗದಲ್ಲಿ ಯಾವಾಗಲೋ ಕಡಲೆಕಾಯಿ ಬಂದು ಕುಳಿತಿರಬಹುದು. ಇದರಿಂದ ಕತೆ ಸುಳ್ಳಾಗುವುದಿಲ್ಲ. ಬೆಳೆ ಬದಲಾದಾಗ ಕತೆಯನ್ನೂ ಬದಲಿಸಿಕೊಳ್ಳುವಷ್ಟು ರೈತರು ಜಾಣರಾಗಿದ್ದರು ಎಂಬುದಷ್ಟೇ ಇದರಿಂದ ತಿಳಿಯುತ್ತದೆ.

ಮೇಲೆ ಹೇಳಿದ ನಾಲ್ಕೂ ಊರುಗಳಲ್ಲಿ ಇಂದು ಕಡಲೆಕಾಯಿಯ ಒಂದು ಗಿಡವೂ ಕಾಣುವುದಿಲ್ಲ. ಕಾರ್ತಿಕ ಮಾಸದ ಕಡೆಯ ಸೋಮವಾರದ ಸುಮಾರಿಗೆ ಬುಲ್ ಟೆಂಪಲ್ ರಸ್ತೆಯ ಎರಡೂ ಬದಿಗೆ ರಾಶಿ ಸುರಿಯುವವರು ಕೋಲಾರ, ಚಿಂತಾಮಣಿ, ಶ್ರೀನಿವಾಸಪುರ, ಮಾಗಡಿ, ತುಮಕೂರುಗಳ ಕಡೆಯವರು. ತಮಿಳುನಾಡು, ಆಂಧ್ರಗಳಿಂದ ಬರುವವರೂ ಉಂಟು. ಹಸಿಯದು, ಹುರಿದದ್ದು, ಬೇಯಿಸಿದ್ದು ಎಂದು ರಾಶಿಗಳು ಬೇರೆ ಬೇರೆ; ಅಳತೆ ಈಗಲೂ ಬಹುಮಟ್ಟಿಗೆ ಸೇರು, ಪಾವುಗಳಲ್ಲಿಯೇ. ಕಡಲೆಪುರಿ, ಬತ್ತಾಸು, ಬಳೆ, ಮಣ್ಣಿನ ಗೊಂಬೆಗಳ ಅಂಗಡಿಗಳು ಇವುಗಳ ನಡುವೆ. ಹೊರಗೆ ಎಲ್ಲಿಯೂ ತೂಕದ ಲೆಕ್ಕದಲ್ಲಿ ಕೊಳ್ಳುವ ಬಡಾವಣೆಯ ಗೃಹಿಣಿ ಇಲ್ಲಿ ಸೇರಿನ ಮೇಲಿನ ಕೊಸರಿಗಾಗಿ ವಾದಿಸುತ್ತಾಳೆ. ಕೊಸರು ಸಿಗದಿದ್ದರೆ ಆಕೆಗೆ ಪರಿಷೆ ಪರಿಷೆಯಲ್ಲ. ಇತ್ತೀಚಿನ ವರ್ಷಗಳಲ್ಲಿ ಮಲ್ಲೇಶ್ವರದ ಕಾಡುಮಲ್ಲೇಶ್ವರನ ಸನ್ನಿಧಿಯಲ್ಲಿಯೂ ಕಡಲೆಕಾಯಿ ಪರಿಷೆ ನಡೆಯುತ್ತಿದೆ. ಬಸವ ಬೆಳೆ ಮೇಯ್ದ ಕತೆ ಅಲ್ಲಿಯದಲ್ಲ; ಬಸವನಗುಡಿಯಲ್ಲಿರುವುದು ತಮ್ಮ ಕೇರಿಯಲ್ಲಿಯೂ ಇರಲಿ ಎಂಬ ಆಸೆಯೇ ಅದಕ್ಕೆ ಸಾಕಷ್ಟು ಕಾರಣವಾಗಿದೆ.

ಇವೆರಡರ ಜೊತೆಗೆ ವಿಧಿಯ ಹಿನ್ನೆಲೆ ತೆಳುವಾಗಿ, ಕಲೆಯೇ ಮುಖ್ಯವಾದ ಕೂಟಗಳೂ ನಗರದಲ್ಲಿ ಬೇರೂರಿವೆ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮನವಮಿಯ ನೆಪದಲ್ಲಿ ನಡೆಯುವ ಸಂಗೀತೋತ್ಸವಕ್ಕೆ 1930ರ ದಶಕದ ಕೊನೆಯಿಂದ ಬಂದ ಇತಿಹಾಸವಿದೆ. ಸಭಾಂಗಣದ ಒಳಗೆ ಟಿಕೆಟು ಕೊಂಡವರಷ್ಟೇ, ಪೆಂಡಾಲಿನ ಹೊರಗೆ ಬೀದಿಬದಿಯಲ್ಲಿ ನಿಂತು ಕೇಳಿದವರೂ ಇಲ್ಲಿ ರಸಿಕರಾಗಿ ಬೆಳೆದರು. ವಿದ್ಯಾರಣ್ಯ ಯುವಕ ಸಂಘದ ಗಣೇಶೋತ್ಸವ 1962ರಿಂದ ನಡೆದುಬಂದಿದೆ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ ಚಿತ್ರಸಂತೆಯು ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯನ್ನೇ ಅಂಗಡಿಬೀದಿಯನ್ನಾಗಿ ಮಾಡುತ್ತದೆ. ಗ್ಯಾಲರಿಯ ಬಾಗಿಲು ದಾಟಲು ಅಳುಕುವವನು ಸಂತೆಯಲ್ಲಿ ಅಳುಕುವುದಿಲ್ಲ, ಚೌಕಾಸಿ ಮಾಡುತ್ತಾನೆ. ಆಧುನಿಕ ಕಲಾಸಂಸ್ಥೆಯೊಂದು ‘ಸಂತೆ’ ಎಂಬ ಹಳೆಯ ಹೆಸರನ್ನು ಆರಿಸಿಕೊಂಡದ್ದು ಬರಿಯ ಅಲಂಕಾರಕ್ಕಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಂಥ ಕೂಟಗಳಿಗೆ ಒದಗಿರುವ ಅಪಾಯ ನಗರೀಕರಣವೆಂದು ಒಟ್ಟಾಗಿ ಹೇಳಿಬಿಡುವುದು ಸುಲಭ. ಸೂಕ್ಷ್ಮವಾಗಿ ನೋಡಿದರೆ ಅಪಾಯವಿರುವುದು ನಡೆಸುವವರ ಮತ್ತು ನೋಡುವವರ ನಡುವೆ ಏಳುತ್ತಿರುವ ಅಂತರದಲ್ಲಿ. ಕರಗದ ರಾತ್ರಿ ಮನೆಯ ಮುಂದೆ ನೀರು ಚಿಮುಕಿಸಿ, ರಂಗೋಲಿ ಇಟ್ಟು, ಮಲ್ಲಿಗೆ ಎರಚಲು ಕಾಯುವ ಹೆಂಗಸು ಪ್ರೇಕ್ಷಕಳಲ್ಲ. ಆಕೆಯ ಪಾಲಿನ ಕೆಲಸ ಆಕೆಗಿದೆ. ಕಟಕಟೆಯ ಹಿಂದೆ ಕ್ಯಾಮೆರಾ ಎತ್ತಿಹಿಡಿದು ನಿಂತವರಿಗೆ ಅಂಥ ಪಾಲಿಲ್ಲ. ವಾಸದ ಮನೆಗಳು ಗೋದಾಮುಗಳಾದ ಗಲ್ಲಿಗಳಲ್ಲಿ ರಂಗೋಲಿ ಇಡುವವರೇ ಇಲ್ಲ. ವೀರಕುಮಾರರ ಅನೇಕ ಕುಟುಂಬಗಳೂ ದೂರದ ಬಡಾವಣೆಗಳಿಗೆ ಸರಿದಿವೆ. ದೀಕ್ಷೆಯ ದಿನಗಳಲ್ಲಿ ಅವರು ಪೇಟೆಗೆ ಮರಳಿ ಬರುತ್ತಾರೆ.

2020ರಲ್ಲಿ ಕೊರೋನಾ ನಿರ್ಬಂಧಗಳಿಂದಾಗಿ ಕರಗ ಗುಡಿಯ ಆವರಣದೊಳಗೆ ಸಾಂಕೇತಿಕವಾಗಿ ನಡೆಯಿತು. ಮರುವರ್ಷವೂ ಹಾಗೆಯೇ ಆಯಿತು. ದೇವಿ ಬಂದಳು, ಅಲಗುಗಳಿದ್ದವು, ಮಲ್ಲಿಗೆ ಇತ್ತು. ದಾರಿ ಇರಲಿಲ್ಲ. 2022ರ ಏಪ್ರಿಲ್ ತಿಂಗಳ ಹುಣ್ಣಿಮೆಯಂದು ಕರಗ ಮತ್ತೆ ಬೀದಿಗಿಳಿದಾಗ ಪೇಟೆಯ ಗಲ್ಲಿಗಳಲ್ಲಿ ಬೆಳಗಿನವರೆಗೂ ಜನ ಕಾದಿದ್ದರು.