ತಂತ್ರಾಂಶ ರಚನೆಯಲ್ಲಿ ವಿನ್ಯಾಸ ಮಾದರಿಗಳು

ಮನೆ ಕಟ್ಟುವವನಿಗೂ ತಂತ್ರಾಂಶ ಬರೆಯುವವನಿಗೂ ಏನು ಸಂಬಂಧ? ವಾಸ್ತುಶಿಲ್ಪಿ ಕ್ರಿಸ್ಟೋಫರ್ ಅಲೆಕ್ಸಾಂಡರ್ ಮತ್ತು ಸಂಗಡಿಗರು 1977ರಲ್ಲಿ, ಊರು ಕಟ್ಟಡಗಳ ರಚನೆಯಲ್ಲಿ ಮತ್ತೆ ಮತ್ತೆ ಎದುರಾಗುವ ಸಮಸ್ಯೆಗಳಿಗೆ 253 ಮಾದರಿಗಳನ್ನು ಹೆಸರುಕೊಟ್ಟು ವಿವರಿಸಿದರು. ಅದೇ ಹಾದಿಯಲ್ಲಿ 1994ರಲ್ಲಿ ಗಾಮಾ, ಹೆಲ್ಮ್, ಜಾನ್ಸನ್, ವ್ಲಿಸಿಡೀಸ್ ಎಂಬ ನಾಲ್ವರು ತಂತ್ರಾಂಶಕ್ಕೆ 23 ಮಾದರಿಗಳನ್ನು ಸಂಗ್ರಹಿಸಿಕೊಟ್ಟರು. ಮಾಹಿತಿಯನ್ನೂ ಅದರ ಮೇಲಿನ ಕ್ರಿಯೆಯನ್ನೂ ಒಟ್ಟಿಗಿಟ್ಟುಕೊಂಡ ಘಟಕಕ್ಕೆ ಇಲ್ಲಿ ‘ಆಬ್ಜೆಕ್ಟ್’ ಎಂದು ಹೆಸರು.

‘ವೀಕ್ಷಕ’ ಮಾದರಿಯೊಂದನ್ನೇ ನೋಡೋಣ. ಅಂಕಪಟ್ಟಿ ಒಂದು ಆಬ್ಜೆಕ್ಟ್. ಸರಾಸರಿಯನ್ನು ತೋರಿಸುವುದು ಇನ್ನೊಂದು, ನಕ್ಷೆ ಬರೆಯುವುದು ಮತ್ತೊಂದು. ಅಂಕ ಬದಲಾದಾಗಲೆಲ್ಲ ಪಟ್ಟಿಯೇ ಇವೆರಡನ್ನೂ ತಿದ್ದಬೇಕಾದರೆ, ಹೊಸದೊಂದು ಸೇರಿದ ದಿನ ಪಟ್ಟಿಯ ಬರಹವನ್ನೇ ಒಡೆದು ಕಟ್ಟಬೇಕಾದೀತು. ಬದಲಾಗಿ, ಸುದ್ದಿ ಬೇಕಾದವು ಪಟ್ಟಿಯ ಬಳಿ ಹೆಸರು ಬರೆಯಿಸಲಿ. ಅಂಕ ಬದಲಾದೊಡನೆ ಪಟ್ಟಿಯು ಅವೆಲ್ಲಕ್ಕೂ ಒಂದೇ ಬಗೆಯ ಸುದ್ದಿ ಕಳುಹಿಸಲಿ. ಆಮೇಲೆ ಅವು ಏನು ಮಾಡುವುವೆಂಬ ಚಿಂತೆ ಪಟ್ಟಿಗಿಲ್ಲ!

ಆದರೆ ಕೆಲಸ ಮುಗಿದ ಮೇಲೆ ಹೆಸರು ತೆಗೆಸದಿದ್ದರೆ ಅವು ಗಣಕದ ಸ್ಮೃತಿಯಲ್ಲಿ ವ್ಯರ್ಥವಾಗಿ ಉಳಿದುಬಿಡುತ್ತವೆ. ಎಂದೂ ಬೆಳೆಯದ ಸಣ್ಣ ಕೆಲಸಕ್ಕೆ ಈ ಏರ್ಪಾಟು ಹೊರೆಯೇ ಸರಿ. ಸೂತ್ರವನ್ನು ಬಾಯಿಪಾಠ ಮಾಡಿಯೂ ಲೆಕ್ಕ ತಪ್ಪಿದ ಅನುಭವ ನಮಗೆಲ್ಲ ಉಂಟಷ್ಟೆ. ಮೊದಲು ಸಮಸ್ಯೆಯನ್ನು ಅರಿಯಬೇಕು. ಮಾದರಿ ಆಮೇಲಿನ ಮಾತು.