ಮರದಿಂದ ಬಿದ್ದವರ ಬಾಳು ಅಲ್ಲಿಗೇ ಮುಗಿಯದು

ಅಡಿಕೆ ಕೊನೆ ಇಳಿಸುವ ಕಾಲವೆಂದರೆ ಮಲೆನಾಡು, ಕರಾವಳಿಯ ತೋಟಗಳಲ್ಲಿ ಸಡಗರ. ಜೊತೆಗೆ ಒಂದು ಅಂಜಿಕೆಯೂ ಉಂಟು. ಕಾಲು ಜಾರಿಯೋ ಮರ ಮುರಿದೋ ಬಿದ್ದವರ ಬೆನ್ನುಮೂಳೆ ಮುರಿದು, ಒಳಗಿನ ಬೆನ್ನುಹುರಿಗೆ ಪೆಟ್ಟಾದರೆ ಕಾಲುಗಳ ಬಲವೇ ಹೋಗಬಹುದು.

ಬಿದ್ದವರನ್ನು ಎತ್ತಿ ಕೂರಿಸಬೇಡಿ, ಬೆನ್ನ ಮೇಲೆ ಹೊರಬೇಡಿ. ಅಳಿದುಳಿದ ಹುರಿಯೂ ಇದರಿಂದ ಕೆಡಬಹುದು. 108ಕ್ಕೆ ಕರೆ ಮಾಡಿ. ಸಾಗಿಸಲೇಬೇಕಾದರೆ ನಾಲ್ಕು ಜನ ಸೇರಿ, ತಲೆ, ಕುತ್ತಿಗೆ, ಸೊಂಟ ಒಂದೇ ನೇರದಲ್ಲಿರುವಂತೆ ದಿಮ್ಮಿ ಉರುಳಿಸಿದ ಹಾಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಿ.

ಶಸ್ತ್ರಚಿಕಿತ್ಸೆ ಮುಗಿದರೆ ಎಲ್ಲವೂ ಮುಗಿಯಿತೆಂದು ತಿಳಿಯಬೇಡಿ. ನಿಜವಾದ ಕೆಲಸ ಆಮೇಲಿನದು. ಅದೇ ಪುನರ್ವಸತಿ ವೈದ್ಯ. ಹಾಸಿಗೆಯಲ್ಲಿರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಇಲ್ಲದಿದ್ದರೆ ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತದೆ. ಸ್ಪರ್ಶ ತಿಳಿಯದ ಕಾಲಿಗೆ ಬಿಸಿನೀರಿನ ಶಾಖ ಕೊಡಬೇಡಿ, ಸುಟ್ಟರೂ ಅವರಿಗೆ ಗೊತ್ತಾಗದು. ಕೀಲುಗಳು ಬಿಗಿಯದಂತೆ ದಿನವೂ ಆಡಿಸಿ. ಮೂತ್ರ ತಾನಾಗಿ ಹೋಗದಿದ್ದರೆ, ಕೈ ಸೋಪಿನಿಂದ ತೊಳೆದು ನಾಲ್ಕರಿಂದ ಆರು ಗಂಟೆಗೊಮ್ಮೆ ತಾವೇ ನಳಿಕೆ ಹಾಕಿ ತೆಗೆಯುವುದನ್ನು ಆಸ್ಪತ್ರೆಯಲ್ಲಿ ಕಲಿಸುತ್ತಾರೆ. ಕಲಿಯಲು ಸಂಕೋಚ ಬೇಡ. ಮೂತ್ರ ನಿಂತರೆ ಮೂತ್ರಪಿಂಡಕ್ಕೇ ಕೇಡು.

ಇದಕ್ಕೆ ದಾರಿ ತೋರಿದವರಲ್ಲಿ ವೆಲ್ಲೂರಿನ ಡಾ. ಮೇರಿ ವರ್ಗೀಸ್ ಪ್ರಮುಖರು. 1954ರ ವಾಹನ ಅಪಘಾತದಲ್ಲಿ ಕಾಲಿನ ಬಲ ಕಳೆದುಕೊಂಡ ಈ ವೈದ್ಯೆ, ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ನ್ಯೂಯಾರ್ಕಿನಲ್ಲಿ ತರಬೇತಿ ಪಡೆದು ಬಂದರು. ಅವರ ಶ್ರಮದಿಂದ 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನರಸಂಬಂಧಿ ಪುನರ್ವಸತಿ ವಿಭಾಗವಿದೆ.

ಮನೆಯೂ ಸ್ವಲ್ಪ ಬದಲಾಗಬೇಕು. ಒಂದು ಅಡಿ ಎತ್ತರದ ಜಗುಲಿಗೆ ಹನ್ನೆರಡು ಅಡಿ ಉದ್ದದ ಇಳಿಜಾರು ಕಟ್ಟಿದರೆ ಗಾಲಿಕುರ್ಚಿ ಸಲೀಸಾಗಿ ಏರುತ್ತದೆ. ಅಡಿಕೆ ಸುಲಿಯುವುದು, ಹೊಲಿಗೆ, ಅಂಗಡಿಯ ಲೆಕ್ಕ ಇವೆಲ್ಲ ಕುಳಿತೇ ಮಾಡುವ ಕೆಲಸಗಳು. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಸರ್ಕಾರದ ಸವಲತ್ತುಗಳಿಗೆ ಅದೇ ಆಧಾರ.

ತೋಟದ ಯಜಮಾನರಿಗೆ ಒಂದು ಮಾತು. ಮರವೇರುವವರಿಗೆ ಸುರಕ್ಷಾ ಬೆಲ್ಟ್ ಕೊಡಿ, ಮಳೆಯಲ್ಲಿ ನೆನೆದ ಮರ ಹತ್ತಿಸಬೇಡಿ. ಬಿದ್ದವರು ನಿಮ್ಮದೇ ಫಸಲು ಇಳಿಸಲು ಹತ್ತಿದವರು. ಆಸ್ಪತ್ರೆಗೆ ಸೇರಿಸಿದಲ್ಲಿಗೆ ನಿಮ್ಮ ಹೊಣೆ ತೀರುವುದಿಲ್ಲ. ಅವರು ಮತ್ತೆ ದುಡಿದು ಉಣ್ಣುವಂತಾಗುವ ತನಕ ಕೈಬಿಡಬೇಡಿ.