ತಳ ಕಚ್ಚಿ ನಿಲ್ಲುವ ಲಂಗರು

ಲಂಗರು ಎಷ್ಟು ಭಾರವಿದ್ದರೆ ದೋಣಿ ಅಷ್ಟು ಭದ್ರ ಎಂಬ ನಂಬಿಕೆ ಬಹಳ ಹಳೆಯದು. ಅದನ್ನು ಬುಡಮೇಲು ಮಾಡಿದವರಲ್ಲಿ ಕೇಂಬ್ರಿಜ್‌ನ ಗಣಿತಜ್ಞ ಜಿ.ಐ. ಟೇಲರ್ ಮುಖ್ಯರು. ದ್ರವಗಳ ಚಲನೆಯ ಅಧ್ಯಯನದಲ್ಲಿ ಇಪ್ಪತ್ತನೆಯ ಶತಮಾನದ ಅಗ್ರಗಣ್ಯ ವಿಜ್ಞಾನಿ ಅವರು. ಸಣ್ಣ ಹಾಯಿದೋಣಿಯಲ್ಲಿ ಹೆಂಡತಿಯೊಂದಿಗೆ ನಾರ್ವೆಯ ಲೊಫೊಟೆನ್ ದ್ವೀಪಗಳವರೆಗೆ ಹೋಗಿಬಂದ ಕಡಲಪ್ರೇಮಿಯೂ ಹೌದು. ನೀರಿನ ಮೇಲೆ ಇಳಿಯುವ ವಿಮಾನಗಳಿಗೆ ಹಗುರವಾದ ಲಂಗರು ಬೇಕಾಗಿದ್ದ ಕಾಲದಲ್ಲಿ, 1933ರಲ್ಲಿ, ಅವರು ನೇಗಿಲಿನ ಗುಳದಂಥ ಲಂಗರನ್ನು ರೂಪಿಸಿದರು. ಎಳೆದಷ್ಟೂ ಅದು ಮರಳಿನೊಳಗೆ ಹೂತುಕೊಳ್ಳುತ್ತದೆ. ಗಾಳಿ ದಿಕ್ಕು ಬದಲಿಸಿ ದೋಣಿ ಹೊರಳಿದರೂ ಗುಳ ಕಿತ್ತುಬಾರದಿರಲೆಂದು ಅದರ ಕಾಲಿಗೆ ಕೀಲು ಇಟ್ಟರು. ವಿಹಾರದೋಣಿಗಳವರು ಅದನ್ನು ದಶಕಗಳ ಕಾಲ ನೆಚ್ಚಿಕೊಂಡರು. ಅಮೆರಿಕದ ರಿಚರ್ಡ್ ಡ್ಯಾನ್‌ಫೋರ್ತ್ ರೂಪಿಸಿದ ಚಪ್ಪಟೆ ಎಲೆಗಳ ಲಂಗರು ಎರಡನೆಯ ಮಹಾಯುದ್ಧದಲ್ಲಿ ಸೈನ್ಯ ಇಳಿಸುವ ದೋಣಿಗಳಿಗೆ ಬಳಕೆಯಾಯಿತು. ಮರಳಿನಲ್ಲೂ ಕೆಸರಿನಲ್ಲೂ ಅದರ ಹಿಡಿತ ಬಲು ಗಟ್ಟಿ. ಎಳೆತದ ದಿಕ್ಕು ತಿರುಗಿದರೆ ಮಾತ್ರ ಕಳಚಿಕೊಳ್ಳಬಹುದು.

ಲಂಗರು ಎಷ್ಟೇ ಒಳ್ಳೆಯದಿರಲಿ, ಎಳೆತ ಅಡ್ಡಡ್ಡಲಾಗಿ ಬಂದರೆ ಮಾತ್ರ ಅದು ಕಚ್ಚುತ್ತದೆ. ಮೇಲಕ್ಕೆ ಎಳೆದರೆ ಕಿತ್ತುಬರುತ್ತದೆ. ಆದ್ದರಿಂದ ಸರಪಳಿ ಬಿಡುವುದರಲ್ಲಿ ಜಿಪುಣತನ ಸಲ್ಲದು. ನೀರಿನ ಆಳ 5 ಮೀಟರ್, ದೋಣಿಯ ಮೂತಿ ನೀರಿನಿಂದ 1 ಮೀಟರ್ ಎತ್ತರ, ಉಬ್ಬರಕ್ಕೆ ಇನ್ನೂ 2 ಮೀಟರ್ ಏರುತ್ತದೆ ಎಂದುಕೊಳ್ಳೋಣ. ಒಟ್ಟು 8 ಮೀಟರ್. ಪೂರ್ತಿ ಸರಪಳಿಯಾದರೆ ಇದರ ಐದು ಪಟ್ಟು, ಎಂದರೆ 40 ಮೀಟರ್ ಬಿಡುವುದು ರೂಢಿ. ಹೆಚ್ಚಿನ ಪಾಲು ಹಗ್ಗವಾದರೆ ಏಳು ಪಟ್ಟು, 56 ಮೀಟರ್. ಬಿರುಗಾಳಿಗೆ ಇದೂ ಸಾಲದು. ಉಬ್ಬರವನ್ನು ಲೆಕ್ಕಕ್ಕೆ ಹಿಡಿಯದೆ, ಇಳಿತದ ಹೊತ್ತಿನ ಆಳ ನೋಡಿ ಸರಪಳಿ ಬಿಟ್ಟು ಮಲಗಿದವರ ದೋಣಿ ನಡುರಾತ್ರಿ ಜಾರತೊಡಗುತ್ತದೆ. ತಳದಲ್ಲಿ ಮಲಗಿದ ಸರಪಳಿಯ ತೂಕ ಎಳೆತವನ್ನು ತಗ್ಗಿಸಿ ಹಿಡಿಯುತ್ತದೆ. ನೈಲಾನ್ ಹಗ್ಗ ಹಿಗ್ಗಿ ಅಲೆಯ ಜಗ್ಗಾಟವನ್ನು ನುಂಗಿಕೊಳ್ಳುತ್ತದೆ. ಎರಡೂ ಇದ್ದರೆ ಒಳ್ಳೆಯದು.

ಲಂಗರನ್ನು ಎತ್ತಿ ಎಸೆಯುವುದು ಸಿನಿಮಾದಲ್ಲಿ ಸರಿ. ಬಲ್ಲವರು ದೋಣಿಯನ್ನು ಗಾಳಿಗೆ ಮುಖವಾಗಿ ನಿಲ್ಲಿಸಿ, ಲಂಗರನ್ನು ನಿಧಾನವಾಗಿ ತಳ ಮುಟ್ಟಿಸುತ್ತಾರೆ. ದೋಣಿ ಗಾಳಿಗೆ ತಾನಾಗಿ ಹಿಂದೆ ಸರಿಯುತ್ತ ಹೋದಂತೆ ಸರಪಳಿ ನೀಟಾಗಿ ಹಾಸಿಕೊಳ್ಳಬೇಕು, ಒಂದೇ ಕಡೆ ರಾಶಿ ಬೀಳಬಾರದು. ಆಮೇಲೆ ಎಂಜಿನ್ನನ್ನು ರಿವರ್ಸ್‌ನಲ್ಲಿಟ್ಟು ಮೆಲ್ಲಗೆ ಎಳೆದು ನೋಡುತ್ತಾರೆ. ಸರಪಳಿಯ ಮೇಲೆ ಕೈಯಿಟ್ಟಾಗ ಗಡಗಡ ನಡುಕ ತಿಳಿದರೆ ಲಂಗರು ಕಚ್ಚಿಲ್ಲ, ಜಾರುತ್ತಿದೆ ಎಂದರ್ಥ. ದಡದ ಮೇಲೆ ಒಂದರ ಹಿಂದೊಂದು ಕಾಣುವ ಮರವನ್ನೂ ಮನೆಯನ್ನೂ ಗುರುತಿಟ್ಟುಕೊಂಡರೆ ದೋಣಿ ಸರಿದದ್ದು ಕೂಡಲೇ ಗೊತ್ತಾಗುತ್ತದೆ. ಈಗ ಜಿಪಿಎಸ್ ಅಲಾರಂ ಬಂದಿದೆ. ಆದರೂ ನನಗೆ ಈ ಹಳೆಯ ಪದ್ಧತಿಯ ಮೇಲೆ ಹೆಚ್ಚು ಭರವಸೆ. ಚಿಕ್ಕ ದೋಣಿಯವರು ಒಂದನ್ನು ಮರೆಯಲೇಬಾರದು: ಲಂಗರು ಕಟ್ಟಬೇಕಾದದ್ದು ಮುಂಭಾಗಕ್ಕೆ. ಹಿಂಭಾಗಕ್ಕೆ ಕಟ್ಟಿದರೆ ಎಂಜಿನ್ನಿನ ಭಾರಕ್ಕೆ ಮೊದಲೇ ತಗ್ಗಿರುವ ಆ ಕಡೆಯಿಂದ ಅಲೆ ಒಳನುಗ್ಗಿ ದೋಣಿ ಮುಳುಗೀತು. ರಾತ್ರಿ ಸುತ್ತಲೂ ಕಾಣುವ ಬಿಳಿ ದೀಪ ಹಚ್ಚಿಡಬೇಕೆಂದು 1972ರ ಅಂತರರಾಷ್ಟ್ರೀಯ ಕಡಲ ನಿಯಮ ಹೇಳುತ್ತದೆ.

ಎಲ್ಲಿ ಲಂಗರು ಹಾಕಬಾರದು ಎನ್ನುವುದೂ ಈ ವಿದ್ಯೆಯ ಭಾಗವೇ. ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡರೆ ಅದು ಮೇಲೆ ಬಾರದು. ಕಡಲಹುಲ್ಲಿನ ಮೇಲೆ ನಿಲ್ಲುವುದಿಲ್ಲ, ಹುಲ್ಲನ್ನು ಮಾತ್ರ ಬೇರುಸಹಿತ ಕೀಳುತ್ತದೆ. ಸ್ಪೇನ್‌ನ ಬಲಿಯಾರಿಕ್ ದ್ವೀಪಗಳಲ್ಲಿ 2018ರಿಂದ ಪೊಸಿಡೋನಿಯಾ ಹುಲ್ಲಿನ ಮೇಲೆ ಲಂಗರು ಹಾಕುವಂತಿಲ್ಲ. ಮುರುಡೇಶ್ವರದಿಂದ ಡೈವಿಂಗ್ ದೋಣಿಗಳು ಹೋಗುವ ನಮ್ಮ ನೇತ್ರಾಣಿಯ ಸುತ್ತ ಹವಳವಿದೆ. ಅದರ ಮೇಲೆ ಬಿದ್ದ ಲಂಗರು ವರ್ಷಗಟ್ಟಲೆಯ ಬೆಳವಣಿಗೆಯನ್ನು ಒಂದೇ ಏಟಿಗೆ ಮುರಿಯುತ್ತದೆ. ನೀವು ಅಲ್ಲಿಗೆ ಹೋಗುವವರಾದರೆ, ಹತ್ತುವ ಮೊದಲೇ ದೋಣಿಯವರನ್ನು ಲಂಗರು ಎಲ್ಲಿ ಇಳಿಸುತ್ತೀರಿ ಎಂದು ಕೇಳಿ. ಹವಳ ತಪ್ಪಿಸಿ ಮರಳಿನ ಮೇಲೆ ಇಳಿಸುವವರ ದೋಣಿಯಲ್ಲೇ ಹೋಗಿ.